ಮಾಲೀಕರು ಬದಲಾದ ಮೇಲೆ ನಮ್ಮೂರಿನ ವಾಟರ್ ಪಾರ್ಕ್

ಹಾಸನದ ಹೊರಗಿರೋ ಈ ಪಾರ್ಕನ್ನ ಹೊಸಬರು ತಗೊಂಡ್ರು ಅಂದಾಗಲೇ ಟಿಕೆಟ್ ರೇಟು ಏರತ್ತೆ ಅಂದ್ಕೊಂಡಿದ್ದೆ. ಏರಿದೆ. ಆದ್ರೂ ಮೊನ್ನೆ ಭಾನುವಾರ ಅಕ್ಕನ ಮಕ್ಕಳನ್ನ ಕರ್ಕೊಂಡು ಹೋದಾಗ ದುಡ್ಡು ದಂಡ ಅನ್ನಿಸಲಿಲ್ಲ.

ಕಾರಣ ನೀರು. ಹಿಂದೆ ವೇವ್ ಪೂಲ್ ಅಂಚಿನ ಟೈಲ್ಸ್ ಮೇಲೆ ಪಾಚಿ ಕಟ್ಟಿ ಕಾಲು ಜಾರೋದು. ಈಗ ಉಜ್ಜಿಸಿ ಒರಟು ಪಟ್ಟಿ ಹಾಕಿಸಿದ್ದಾರೆ, ತಳ ಕಾಣತ್ತೆ. ಒಬ್ಬ ಹುಡುಗ ಪುಟ್ಟ ಕೊಳವೆಯಲ್ಲಿ ನೀರು ಹಿಡಿದು, ಎರಡು ಹನಿ ದ್ರಾವಣ ಬಿಟ್ಟು, ಹಳದಿ ಎಷ್ಟು ಗಾಢ ಅಂತ ಚಾರ್ಟಿಗೆ ಹಿಡಿದು ಕ್ಲೋರಿನ್ ಬರ್ಕೊಳ್ತಿದ್ದ. ನಾನು ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು. ನನಗೆ ಅಷ್ಟು ಸಾಕು.

ಊಟ ಮಾತ್ರ ಕೇಳಬೇಡಿ. ಮನೆ ಬುತ್ತಿ ಒಳಗೆ ಬಿಡಲ್ಲ, ಅಲ್ಲಿ ಸಿಗೋದು ಆರಿದ ಫ್ರೈಡ್ ರೈಸ್. ಅಕ್ಕಿರೊಟ್ಟಿ ತಿನ್ನೋ ಸೀಮೆಯಲ್ಲಿ ಇದೇನು ಸ್ವಾಮಿ?

ಮುಂದೆ ದೊಡ್ಡ ರೋಲರ್ ಕೋಸ್ಟರ್ ತರ್ತಾರಂತೆ, ಕೌಂಟರಿನವರು ಹೇಳಿದ್ದು. ಯಾಕೆ? ಅದು ಬೇಕಾದವರಿಗೆ ಬಿಡದಿಯಲ್ಲಿ 2005ರಿಂದ ವಂಡರ್‌ಲಾ ಇದೆ. ಇಲ್ಲಿಗೆ ಬರೋರು ಆಲೂರು, ಅರಕಲಗೂಡು ಕಡೆಯ ಮನೆಮಂದಿ, ಡಿಸೆಂಬರಲ್ಲಿ ಬೇಲೂರು ಹಳೇಬೀಡು ಮುಗಿಸ್ಕೊಂಡು ಬರೋ ಶಾಲಾ ಪ್ರವಾಸದ ಬಸ್ಸು. ಜೂನಲ್ಲಿ ಮಳೆ ಹಿಡಿದ್ರೆ ಸಕಲೇಶಪುರದೋರು ದುಡ್ಡು ಕೊಟ್ಟು ನೆನೆಯೋಕೆ ಬರ್ತಾರಾ? ಆ ದುಡ್ಡಲ್ಲಿ ಸೂರಿನಡಿ ಆಡೋ ಆಟ ಮಾಡಿ, ಮಳೆಗಾಲದಲ್ಲೂ ಗೇಟು ತೆಗೆದಿರತ್ತೆ.

ಹಾಗೇ ಹೆಂಗಸರ ಬಟ್ಟೆ ಬದಲಾಯಿಸೋ ಕೋಣೆಗೆ ಚಿಲಕ ಹಾಕಿಸಿ. ಅಕ್ಕ ಒಳಗಿದ್ದಷ್ಟು ಹೊತ್ತೂ ಮಗಳು ಬಾಗಿಲು ಹಿಡ್ಕೊಂಡು ನಿಂತಿದ್ಲು.

ಸದ್ಯಕ್ಕೆ ಐದಕ್ಕೆ ಮೂರು.