ಶಿರಸಿಯ ಅರಣ್ಯ ಪದವಿ: ಓದು ಗಟ್ಟಿ, ಉದ್ಯೋಗದ ದಾರಿ ಹುಡುಕಬೇಕು

ಪಿಯುಸಿಯಲ್ಲಿ ವಿಜ್ಞಾನ ಓದಿ, ನೈಸರ್ಗಿಕ ಸಂಪನ್ಮೂಲ ನಿರ್ವಹಣೆಯಲ್ಲಿ ವೃತ್ತಿ ಕಂಡುಕೊಳ್ಳಲು ಬಯಸುವವರಿಗೆ ಕರ್ನಾಟಕದಲ್ಲಿ ತೀರ ಹತ್ತಿರದ ಪದವಿಯೆಂದರೆ ನಾಲ್ಕು ವರ್ಷಗಳ ಬಿ.ಎಸ್ಸಿ. ಅರಣ್ಯಶಾಸ್ತ್ರ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಅರಣ್ಯ ಮಹಾವಿದ್ಯಾಲಯವೂ ಕೊಡಗಿನ ಪೊನ್ನಂಪೇಟೆಯ ಮಹಾವಿದ್ಯಾಲಯವೂ ಇದನ್ನು ಕಲಿಸುತ್ತವೆ. ಇಲ್ಲಿ ಶಿರಸಿಯನ್ನೇ ಮುಖ್ಯವಾಗಿ ಗಮನಿಸಿದ್ದೇನೆ.

ಈ ಪದವಿಗೆ ಶಿರಸಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಊರಿನ ಸುತ್ತಲಿನ ಸೊಪ್ಪಿನ ಬೆಟ್ಟಗಳನ್ನೇ ನೋಡಿ: ಭೂಮಿ ಸರ್ಕಾರದ್ದು, ಅಡಿಕೆ ತೋಟಕ್ಕೆ ಸೊಪ್ಪು ತರುವ ಸವಲತ್ತು ಬೆಳೆಗಾರರದ್ದು, ಬೆಟ್ಟ ಬೋಳಾದರೆ ನಷ್ಟ ಇಡೀ ಊರಿನದ್ದು. ಸಂಪನ್ಮೂಲ ಯಾರದು, ಬಳಸುವವರು ಯಾರು, ಕಾಯುವವರು ಯಾರು ಎಂಬ ಈ ಶಾಸ್ತ್ರದ ಮೂಲ ಪ್ರಶ್ನೆ ಅಲ್ಲಿ ಕಣ್ಣೆದುರೇ ಇದೆ. 1983ರಲ್ಲಿ, ಮರಗಳನ್ನು ಅಪ್ಪಿಕೊಂಡು ಕಡಿತ ತಡೆದ ಅಪ್ಪಿಕೋ ಚಳವಳಿ ಆರಂಭವಾದ ಸಾಲ್ಕಣಿ ಇದೇ ತಾಲ್ಲೂಕಿನಲ್ಲಿದೆ. ಸಿದ್ದಾಪುರದಿಂದ ಹೊನ್ನಾವರದ ಕಡೆಗೆ ಇಳಿದರೆ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಸಿಗುತ್ತದೆ.

ಪಠ್ಯಕ್ರಮವೂ ವಿಸ್ತಾರವಾದದ್ದೇ. ನರ್ಸರಿ, ನೆಡುತೋಪು, ಮರಗಳ ಅಳತೆ, ಮಣ್ಣು, ಜಲಾನಯನ, ವನ್ಯಜೀವಿ, ಅರಣ್ಯ ಕಾನೂನು, ಜೇನು, ಸೀಗೆಯಂಥ ಕಿರು ಅರಣ್ಯ ಉತ್ಪನ್ನ, ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸಿ ವಿಶ್ಲೇಷಿಸುವ ಜಿಐಎಸ್ ಎಲ್ಲವೂ ಇವೆ. ಕೊನೆಯ ವರ್ಷ ಕ್ಷೇತ್ರಾನುಭವಕ್ಕೂ ಕಾಲ ಮೀಸಲಾಗಿದೆ. ಆದರೆ ಮರದ ಬಗ್ಗೆ ಕಲಿಸುವಷ್ಟು ಆಳವಾಗಿ ಮರದ ಸುತ್ತಲಿನ ಮನುಷ್ಯರ ಬಗ್ಗೆ ಈ ಪದವಿ ಕಲಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅರಣ್ಯ ಹಕ್ಕು ಅರ್ಜಿ, ಗ್ರಾಮ ಅರಣ್ಯ ಸಮಿತಿಯ ಸಭೆ, ಆನೆ ತುಳಿದ ಬೆಳೆಯ ಪರಿಹಾರ ಇವೆಲ್ಲ ಕೆಲಸಕ್ಕೆ ಸೇರಿದ ಮೊದಲ ವಾರವೇ ಎದುರಾಗುವ ಸಂಗತಿಗಳು.

ಉದ್ಯೋಗದ ಮಾತಿಗೆ ಬಂದರೆ, ಹೆಚ್ಚಿನ ವಿದ್ಯಾರ್ಥಿಗಳ ಕಣ್ಣು ವಲಯ ಅರಣ್ಯಾಧಿಕಾರಿ ಹುದ್ದೆಯ ಮೇಲೆಯೇ ಇರುತ್ತದೆ. ಅದರ ನೇರ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಮೀಸಲಾತಿ ಇದೆಯಾದರೂ ಅಧಿಸೂಚನೆ ಪ್ರತಿ ವರ್ಷ ಹೊರಡುವಂಥದ್ದಲ್ಲ, ಮೀಸಲಾತಿಯ ಪ್ರಮಾಣದ ಬಗ್ಗೆ ವಿದ್ಯಾರ್ಥಿಗಳು ಬೀದಿಗಿಳಿದದ್ದೂ ಇದೆ. ಭಾರತೀಯ ಅರಣ್ಯ ಸೇವೆಯಲ್ಲಿ ಈ ಪದವಿಗೆ ವಿಶೇಷ ರಿಯಾಯಿತಿಯಿಲ್ಲ: ಎಂಜಿನಿಯರಿಂಗ್, ಕೃಷಿ, ಸಸ್ಯಶಾಸ್ತ್ರ ಓದಿದವರೂ ಅದೇ ಪರೀಕ್ಷೆ ಬರೆಯುತ್ತಾರೆ, 2013ರಿಂದ ಅದರ ಪೂರ್ವಭಾವಿ ಪರೀಕ್ಷೆ ನಾಗರಿಕ ಸೇವೆಯದ್ದೇ ಆಗಿದೆ. ಅರಣ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರಿಗೆ ಓದು ಹಗುರವಾಗಬಹುದು, ಅಷ್ಟೆ.

ಅರಣ್ಯ ಇಲಾಖೆಯಾಚೆಗಿನ ದಾರಿಗಳ ಬಗ್ಗೆ ಚರ್ಚೆ ಕಡಿಮೆ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಅರಣ್ಯ ಪದವೀಧರರು ಅರ್ಹರು. ಜಲಾನಯನ ಯೋಜನೆಗಳು, ರೈತರ ಜಮೀನಿನಲ್ಲಿ ಮರ ಬೆಳೆಸುವ ಕಾಗದ ಕಾರ್ಖಾನೆಗಳು, ಬೆಂಗಳೂರಿನ ಏಟ್ರೀಯಂಥ (ATREE) ಪರಿಸರ ಸಂಶೋಧನಾ ಸಂಸ್ಥೆಗಳು ಕೂಡ ಇವೆ; ಅಲ್ಲಿ ಪದವಿಗಿಂತ ಜಿಐಎಸ್, ಸಂಖ್ಯಾಶಾಸ್ತ್ರ ಮತ್ತು ವರದಿ ಬರೆಯುವ ಕೌಶಲ ಹೆಚ್ಚು ಬೆಲೆ ಬಾಳುತ್ತವೆ. ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯ ಎಂಬಿಎ ಮತ್ತೊಂದು ದಾರಿ. ಅದಕ್ಕೆ ಯಾವುದೇ ವಿಷಯದ ಪದವೀಧರರು ಸೇರಬಹುದಾದ್ದರಿಂದ, ಕಾಡು ಸುತ್ತುವ ಹಂಬಲವಿಲ್ಲದೆ ಆಡಳಿತವಷ್ಟೇ ಬೇಕೆನ್ನುವವರು ನಾಲ್ಕು ವರ್ಷ ಶಿರಸಿಯಲ್ಲಿ ಕಳೆಯಲೇಬೇಕೆಂದಿಲ್ಲ.

ಮಳೆಗೆ, ಉಂಬಳಕ್ಕೆ (ಕಾಡಿನ ಜಿಗಣೆಗೆ), ದಿನವಿಡೀ ನಡಿಗೆಗೆ ಹಿಂಜರಿಯದವರಿಗೆ ಮಾತ್ರ ಈ ಪದವಿಯನ್ನು ಶಿಫಾರಸು ಮಾಡುತ್ತೇನೆ. ಪ್ರವೇಶ ಸಿಇಟಿ ಮೂಲಕ. ಕೃಷಿಕರ ಕೋಟಾದಡಿ ಸೀಟು ಬಯಸುವವರು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕಾದ್ದರಿಂದ ದಾಖಲೆಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳಿತು.