ಪಿಕಪ್ ಎಳೆಯದಿದ್ದಾಗ ಕೈಹಿಡಿದ ಪುಟ್ಟ ಸ್ಕ್ಯಾನರ್

ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿ, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸುವ, ಎಂಜಿನ್ನಿನ ದೋಷ ಓದುವ ಒಬಿಡಿ ಸ್ಕ್ಯಾನರ್ ಇದು. ಕಂಪನಿ ಹೆಸರೂ ಇಲ್ಲದ, ಸಾವಿರ ರೂಪಾಯಿ ಒಳಗಿನ ಮಾಲು. ಯಾವ ಆ್ಯಪ್ ಬೇಕು, ಯಾವ ಗಾಡಿಗೆ ಆಗುತ್ತದೆ ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ಎರಡು ಮಳೆಗಾಲ ಬಳಸಿದ ಮೇಲೆ ನನಗೆ ತುಂಬಾ ಇಷ್ಟವಾಗಿದ್ದು, ಎಂಜಿನ್ ಓಡುತ್ತಿರುವಾಗಲೇ ಒಳಗಿನ ಅಂಕಿಗಳನ್ನು ತೋರಿಸುವ ಪರದೆ. ನಮ್ಮ ಗಾಡಿಯ ಗಾಳಿ ಅಳೆಯುವ ಸೆನ್ಸರ್, ಅಂದರೆ ಮಾಫ್ ಸೆನ್ಸರ್, ಕೆಟ್ಟಿದ್ದು ಅದರಿಂದಲೇ ಗೊತ್ತಾಯಿತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋವನ್ನು ಬದಲಿಸುವ ಖರ್ಚು ಉಳಿಯಿತು.

ನಮ್ಮದು ಬಿಎಸ್ 4ರ 2.5 ಲೀಟರ್ ಡೀಸೆಲ್ ಪಿಕಪ್. ಶಿರಸಿಯಿಂದ ಕುಮಟಾಕ್ಕೆ ಬಾಳೆಗೊನೆ, ತರಕಾರಿ. ಬರುವಾಗ ತೆಂಗಿನಕಾಯಿ, ಕೆಲವೊಮ್ಮೆ ಸಾಣಿಕಟ್ಟಾದ ಉಪ್ಪು. ಖಾಲಿ ಗಾಡಿಯಲ್ಲಿ ಏನೂ ತೊಂದರೆ ಕಾಣುತ್ತಿರಲಿಲ್ಲ. ಲೋಡ್ ಹಾಕಿ ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಲು ಶುರು ಮಾಡಿದರೆ ಎಳೆತವೇ ಇಲ್ಲ. ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಅಷ್ಟೇ. ಹಿಂದೆ ಬಸ್ಸಿನವರ ಹಾರ್ನು. ಕಪ್ಪು ಹೊಗೆ ಮಾತ್ರ ಒಂಚೂರೂ ಇಲ್ಲ. ಎಂಜಿನ್ ದೋಷ ತೋರಿಸುವ ಚೆಕ್ ಲೈಟ್ ಒಮ್ಮೊಮ್ಮೆ ಹತ್ತುತ್ತಿತ್ತು, ಆರುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಓಡಿಸಿ ನೋಡಿ, "ಟರ್ಬೋ ಹೋಗಿದೆ ಹೆಗಡೇರೇ, ಬದಲಿಸೋದೇ ಸೈ" ಅಂದರು. ಹೇಳಿದ ಮೊತ್ತಕ್ಕೆ ಒಂದು ಸೀಸನ್ನಿನ ಬಾಡಿಗೆಯೇ ಹೋಗುತ್ತಿತ್ತು. ಸ್ಕ್ಯಾನರ್ ತರಿಸಿದ್ದು ಆಗ.

ಅದು ಕೊಟ್ಟ ದೋಷದ ಕೋಡ್ ಪಿ0101. ಸೆನ್ಸರ್ ಹೇಳುವ ಗಾಳಿಗೂ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ನಿರೀಕ್ಷಿಸುವ ಗಾಳಿಗೂ ತಾಳೆ ಆಗುತ್ತಿಲ್ಲ ಎಂದಷ್ಟೇ ಅದರ ಅರ್ಥ. ಏರ್ ಫಿಲ್ಟರ್ ಕಟ್ಟಿಕೊಂಡರೂ ಬರಬಹುದು, ಪೈಪ್ ಸೀಳಿದರೂ ಬರಬಹುದು. ಕೋಡ್ ನೋಡಿದ ತಕ್ಷಣ ಸೆನ್ಸರ್ ತರಲು ಓಡಬೇಡಿ.

ಈ ಸೆನ್ಸರ್ ಏರ್ ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಪೈಪಿನೊಳಗೆ ಕೂತಿರುತ್ತದೆ. ಅದರಲ್ಲಿ ಕರೆಂಟಿನಿಂದ ಬಿಸಿಯಾಗಿರುವ ತೆಳು ಫಿಲ್ಮ್ ಇದೆ. ಗಾಳಿ ಜಾಸ್ತಿ ಹೋದಷ್ಟೂ ಅದರ ಬಿಸಿಯನ್ನು ಹೆಚ್ಚು ಕೊಂಡೊಯ್ಯುತ್ತದೆ. ಅದರಿಂದ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಯಿತು ಎಂಬ ಲೆಕ್ಕ. ಡೀಸೆಲ್ ಗಾಡಿಯಲ್ಲಿ ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಬಿಡುವ ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು, ಹೊಗೆ ಕಾರದಂತೆ ಹೆಚ್ಚೆಂದರೆ ಎಷ್ಟು ಡೀಸೆಲ್ ಬಿಡಬಹುದು ಎಂದು ಇಸಿಯು ನಿರ್ಧರಿಸುವುದು ಈ ಲೆಕ್ಕ ನೋಡಿ. ಸೆನ್ಸರ್ ಗಾಳಿ ಕಡಿಮೆ ಎಂದರೆ ಡೀಸೆಲ್ಲೂ ಕಡಿಮೆ. ಓಡಿಸುವವನಿಗೆ ಟರ್ಬೋ ಸತ್ತ ಹಾಗೇ ಅನ್ನಿಸುತ್ತದೆ. ಹೊಗೆ ಇಲ್ಲದ್ದಕ್ಕೂ ಕಾರಣ ಇದೇ.

ಎಷ್ಟು ಬರಬೇಕು ಎಂದು ಕಾಗದದಲ್ಲೇ ಲೆಕ್ಕ ಹಾಕಬಹುದು. ಎರಡು ಸುತ್ತಿಗೊಮ್ಮೆ ಎಂಜಿನ್ 2.5 ಲೀಟರ್ ಗಾಳಿ ಎಳೆಯುತ್ತದೆ. 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2500 ಲೀಟರ್, ಸೆಕೆಂಡಿಗೆ ಸುಮಾರು 42. ನಮ್ಮ ಕಡೆಯ ಸೆಕೆಯಲ್ಲಿ ಲೀಟರ್ ಗಾಳಿ 1.15 ಗ್ರಾಂ ಹತ್ತಿರ ತೂಗುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ ಎಂದು ಸ್ವಲ್ಪ ಕಳೆದರೂ 40 ಗ್ರಾಂ ಆಸುಪಾಸು ಬರಲೇಬೇಕು. ಇಜಿಆರ್ ತೆರೆದಿದ್ದರೆ ಈ ಲೆಕ್ಕ ಕೆಡುತ್ತದೆ. ಹಾಗಾಗಿ ಅದರ ವ್ಯಾಕ್ಯೂಮ್ ಪೈಪ್ ತೆಗೆದು, ತುದಿ ಮುಚ್ಚಿ, ನಿಂತಲ್ಲೇ ಗಾಡಿಯನ್ನು 2000ಕ್ಕೆ ಹಿಡಿದೆ. ಮೊಬೈಲ್ ತೋರಿಸಿದ್ದು 22!

ಅದೇ ಪರದೆಯಲ್ಲಿ ಮ್ಯಾನಿಫೋಲ್ಡ್ ಒತ್ತಡವೂ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗಿನ ಒತ್ತಡವೂ ಇತ್ತು. ಅದು ಹೊರಗಿನ ಗಾಳಿಯ ಒತ್ತಡಕ್ಕಿಂತ ತುಸು ಮೇಲೇ ಇತ್ತು. ನಿಜವಾಗಿಯೂ ಅರ್ಧ ಗಾಳಿಯೇ ಹೋಗುತ್ತಿದ್ದರೆ ಒತ್ತಡವೂ ಬೀಳಬೇಕಿತ್ತು ಅಲ್ವಾ? ಗಾಳಿ ಹೋಗುತ್ತಿದೆ, ಅಳತೆ ತಪ್ಪಾಗಿದೆ. ಟರ್ಬೋ ಮೇಲಿನ ಸಂಶಯ ನನಗೆ ಅಲ್ಲೇ ಕಡಿಮೆಯಾಯಿತು.

ಆಮೇಲೆ ಕುಮಟಾದ ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಸೆನ್ಸರಿನ ಪ್ಲಗ್ ಬಿಚ್ಚಿದರೆ ಪಿನ್ನುಗಳ ಬುಡದಲ್ಲಿ ಹಸಿರು ಪುಡಿ. ಉಪ್ಪುಗಾಳಿಯ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಶುಚಿ ಮಾಡಿದರು, ಅಂಕಿ ಬದಲಾಗಲಿಲ್ಲ. ಮೀಟರ್ ಹಿಡಿದು ನೋಡಿದರೆ 12 ವೋಲ್ಟ್ ಬರುತ್ತಿದೆ, ಅರ್ತ್ ಸರಿ ಇದೆ. ಸೆನ್ಸರ್ ಹೊರಗೆ ತೆಗೆದು ಅದಕ್ಕೆಂದೇ ಬರುವ ಸ್ಪ್ರೇ ಹೊಡೆದರು. ಆ ಫಿಲ್ಮಿಗೆ ಬಟ್ಟೆ, ಬೆರಳು ತಾಗಿಸಬಾರದು, ಪೂರ್ತಿ ಒಣಗಿದ ಮೇಲೇ ಪ್ಲಗ್ ಹಾಕಬೇಕು. ಸ್ವಲ್ಪ ಏರಿತು, ವಾರದೊಳಗೆ ಮತ್ತೆ ಇಳಿಯಿತು. "ಸುಮ್ನೆ ಪ್ಲಗ್ ತೆಗೆದು ಘಟ್ಟ ಹತ್ತಿಸಿ ನೋಡಿ ಮಾರಾಯ್ರೇ" ಅಂದರು. ಪ್ಲಗ್ ಇಲ್ಲದಿದ್ದರೆ ಇಸಿಯು ತನ್ನಲ್ಲಿರುವ ಅಂದಾಜಿನ ಮೇಲೆ ನಡೆಸುತ್ತದೆ. ಚೆಕ್ ಲೈಟ್ ಉರಿಯುತ್ತಲೇ ಇತ್ತು, ಆದರೆ ತೆಂಗಿನಕಾಯಿ ತುಂಬಿದ ಗಾಡಿ ಮೂರನೇ ಗೇರಿನಲ್ಲಿ ಎಳೆಯಿತು. ಹಾಗೇ ಓಡಿಸುವವರೂ ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಅಸಲಿ ಸೆನ್ಸರ್ ಹಾಕಿಸಿದೆ. ಅದೇ 2000ಕ್ಕೆ ಈಗ 41.

ಇಷ್ಟೆಲ್ಲ ಮಾಡಿದ ವಸ್ತುವಿನ ಮೇಲೆ ನನಗೆ ಸಿಟ್ಟೂ ಇದೆ. ಬ್ಲೂಟೂತ್ ಆಗಾಗ ಕಡಿದುಹೋಗುತ್ತದೆ, ಅದೂ ಘಟ್ಟದ ತಿರುವಿನಲ್ಲಿ ಅಂಕಿ ದಾಖಲಾಗುತ್ತಿರುವಾಗಲೇ. ಆಫ್ ಮಾಡುವ ಸ್ವಿಚ್ ಇಲ್ಲ. ಆಷಾಢದ ಮಳೆಗೆ ಗಾಡಿ ಕೆಲವು ದಿನ ನಿಂತಾಗ ಇದು ಸಾಕೆಟ್‌ನಲ್ಲೇ ಇದ್ದು ಬ್ಯಾಟರಿ ಇಳಿಸಿಹಾಕಿತು. ಆಗಲೇ ಹಳತಾಗಿದ್ದ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯಲಿಲ್ಲ. ಆ ಖರ್ಚು ಸೇರಿಸಿದರೆ ಇದು ಅಗ್ಗದ ಸ್ಕ್ಯಾನರ್ ಅಲ್ಲ. ಈಗ ಕೆಲಸ ಮುಗಿದ ಕೂಡಲೇ ಕಿತ್ತು ಡ್ಯಾಶ್‌ಬೋರ್ಡ್ ಡಬ್ಬಿಗೆ ಹಾಕುತ್ತೇನೆ. ಹೊಸದಾಗಿ ಕೊಳ್ಳುವವರು ಇನ್ನೂರು ಮುನ್ನೂರು ಜಾಸ್ತಿ ಕೊಟ್ಟು ಸ್ವಿಚ್ ಇರುವುದನ್ನೇ ತಗೊಳ್ಳಿ.

ಹಾಗಂತ ಬಿಡಲು ಮನಸ್ಸಿಲ್ಲ. ಬೆಳಿಗ್ಗೆ ಲೋಡ್ ಹಗ್ಗ ಬಿಗಿದು, ಕೀ ಆನ್ ಮಾಡಿ, ಸ್ಟಾರ್ಟ್ ಮಾಡುವ ಮೊದಲು ಒಮ್ಮೆ ಪರದೆ ನೋಡುವುದು ರೂಢಿಯಾಗಿದೆ. ಎಂಜಿನ್ ನಿಂತಿರುವಾಗ ಗಾಳಿಯ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಹೊರಗಿನ ಗಾಳಿಯ ಒತ್ತಡ ಶಿರಸಿಯಲ್ಲಿ 94 ಕಿಲೋಪ್ಯಾಸ್ಕಲ್, ಕೆಳಗೆ ಕುಮಟಾದಲ್ಲಿ 101. ಘಟ್ಟ ಇಳಿಯುತ್ತಾ ಅದು ಒಂದೊಂದಾಗಿ ಏರುವುದನ್ನು ನೋಡುವುದೇ ಖುಷಿ. ಕೆಳಗೆ ಗಾಳಿ ದಟ್ಟ, ಹಾಗಾಗಿ ಅದೇ ಆರ್‌ಪಿಎಂಗೆ ಗಾಳಿಯ ಗ್ರಾಂ ಕೂಡ ಕುಮಟಾದಲ್ಲಿ ಒಂದೆರಡು ಜಾಸ್ತಿ ಬರುತ್ತದೆ. ಹಳೆಯ ಸೆನ್ಸರ್ ಈ ವ್ಯತ್ಯಾಸ ತೋರಿಸುತ್ತಲೇ ಇರಲಿಲ್ಲ.

ತಗೊಳ್ಳುವವರಿಗೆ ಇನ್ನೊಂದು ಮಾತು. ಕೋಡ್ ಅಳಿಸುವ ಗುಂಡಿ ಒತ್ತುವ ಮೊದಲು 'ಫ್ರೀಜ್ ಫ್ರೇಮ್' ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಲೈಟ್ ಹತ್ತಿದಾಗ ಎಂಜಿನ್ನಿನ ಆರ್‌ಪಿಎಂ, ಲೋಡು, ಬಿಸಿ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಕೋಡ್ ಜೊತೆಗೆ ಅದೂ ಅಳಿಸಿಹೋಗುತ್ತದೆ.