ಟ್ರೇಲರ್ ಹಿಂದಕ್ಕೆ ಬಿಡೋದಕ್ಕೆ ಎರಡು ಚಕ್ರವೋ, ನಾಲ್ಕು ಚಕ್ರವೋ?

ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸಿ ಹಿಂದಕ್ಕೆ ಬಿಡೋದನ್ನು ಕಲಿಯಬೇಕು ಅಂದರೆ ಎರಡು ಚಕ್ರದ್ದೇ ಸರಿ. ಮಂಡ್ಯ ಕಡೆ ಕಬ್ಬು ಬೆಳೆಯುವ ನಾನು ಅದನ್ನೇ ಸೆಕೆಂಡ್ ಹ್ಯಾಂಡ್ ಕೊಂಡೆ. ಅದಕ್ಕೆ ಮುಂಚೆ ಒಂದು ಕಟಾವು ಪೂರ್ತಿ ಭಾವನ ನಾಲ್ಕು ಚಕ್ರದ ಟ್ರೇಲರ್ ಓಡಿಸಿದ್ದೆ. ಮುಂದಕ್ಕೆ ಎಳೆಯುವಾಗ ಎರಡೂ ಸುಲಭವೇ. ರಿವರ್ಸ್ ಹಾಕಿದಾಗಲೇ ವ್ಯತ್ಯಾಸ ಗೊತ್ತಾಗೋದು.

ಎರಡು ಚಕ್ರದ್ದು ಮಡಚುವ ಜಾಗ ಒಂದೇ, ಟ್ರ್ಯಾಕ್ಟರಿಗೆ ಸಿಕ್ಕಿಸಿ ಪಿನ್ ಹಾಕುವ ಕಡೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಹಿಂಭಾಗ ಎಡಕ್ಕೆ ಬರುತ್ತದೆ, ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ. ಮೊದಮೊದಲು ಇದು ತಲೆಗೆ ಹತ್ತೋದಿಲ್ಲ. ಸ್ಟಿಯರಿಂಗನ್ನು ಕೆಳಗಡೆ ಹಿಡಿದುಕೊಳ್ಳಿ. ಆಗ ಕೈ ಯಾವ ಕಡೆ ಹೋಗುತ್ತದೋ ಬಾಲವೂ ಆ ಕಡೆಗೇ ಹೋಗುತ್ತದೆ. ಬಾಲ ತಿರುಗಲು ಶುರುವಾದ ತಕ್ಷಣ ಕೈ ವಾಪಸ್ ತಂದು, ಟ್ರ್ಯಾಕ್ಟರ್ ಅದರ ಜಾಡಿಗೆ ಬರುವಂತೆ ಮಾಡಬೇಕು. ತಡ ಮಾಡಿದರೆ ಟ್ರೇಲರಿನ ಮೂಲೆ ದೊಡ್ಡ ಟೈರಿಗೆ ಬಂದು ತಗಲುತ್ತದೆ. ಹಾಗೆ ಆಗುವ ಮೊದಲೇ ಸ್ವಲ್ಪ ಮುಂದೆ ಎಳೆದರೆ ಮತ್ತೆ ನೇರ.

ನಾಲ್ಕು ಚಕ್ರದ್ದರ ತೊಂದರೆ ಇಲ್ಲೇ ಇರೋದು. ಅದರ ಮುಂದಿನ ಎರಡು ಚಕ್ರ ಎಳೆಯುವ ಕಂಬಿಯ ಜೊತೆಗೇ ತಿರುಗುತ್ತವೆ. ಅಂದರೆ ಪಿನ್ ಹತ್ತಿರ ಒಂದು ಮಡಿಕೆ, ಮುಂದಿನ ಚಕ್ರಗಳ ಮೇಲೆ ಇನ್ನೊಂದು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಮುಂದಿನ ಚಕ್ರಗಳು ಬಲಕ್ಕೆ ಓಡುತ್ತವೆ, ಅವುಗಳ ಜೊತೆ ಟ್ರೇಲರಿನ ಮೂತಿಯೂ ಬಲಕ್ಕೆ. ಬಾಲ ಮಾತ್ರ ಎಡಕ್ಕೆ! ಕೆಳಗೆ ಹಿಡಿದ ಕೈಯ ಉಪಾಯ ಇಲ್ಲಿ ನಡೆಯೋದಿಲ್ಲ. ಬಾಲದ ಮೇಲೆ ಕಣ್ಣಿಟ್ಟರೆ ಕಂಬಿ ಮಡಚುತ್ತದೆ, ಕಂಬಿ ನೋಡಿದರೆ ಬಾಲ ಎಲ್ಲೋ ಹೋಗಿರುತ್ತದೆ.

ತಪ್ಪಿದ ಮೇಲೆ ಸರಿಮಾಡೋದು ಇನ್ನೂ ಕಷ್ಟ. ಮುಂದಕ್ಕೆ ಎಳೆದಾಗ ಮೊದಲು ಕಂಬಿ ನೇರವಾಗುತ್ತದೆ. ಟ್ರೇಲರ್ ನೇರವಾಗಲು ಇನ್ನೂ ಬಹಳ ದೂರ ಎಳೆಯಬೇಕು. ಬಯಲಿನಲ್ಲಾದರೆ ಸರಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ಅಷ್ಟು ಜಾಗ ಎಲ್ಲಿದೆ? ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಆಲೆಮನೆ ಅಂಗಳದಲ್ಲೂ ಇದೇ ಕಥೆ. ಮುಂದೆ ಗಾಡಿ ನಿಂತಿರುತ್ತದೆ, ಹಿಂದೆ ಕಬ್ಬಿನ ರಾಶಿ. ಇಂಥ ಕಡೆ ಭಾವ ರಿವರ್ಸ್ ಹಾಕುವ ಗೋಜಿಗೇ ಹೋಗೋದಿಲ್ಲ. ಪಿನ್ ಬಿಚ್ಚಿ, ಟ್ರ್ಯಾಕ್ಟರ್ ತಿರುಗಿಸಿ, ಮುಂದಿನ ಬಂಪರಿಗೆ ಕಂಬಿ ಸಿಕ್ಕಿಸಿ ತಳ್ಳುತ್ತಾನೆ. "ಎದುರಿಗೆ ಕಾಣ್ತಾ ಇರುತ್ತಲ್ಲ, ತಳ್ಳೋದೇ ವಾಸಿ ಕಣಪ್ಪ" ಅನ್ನುತ್ತಾನೆ. ಉಪಾಯ ಒಳ್ಳೆಯದೇ, ಆದರೆ ಟ್ರ್ಯಾಕ್ಟರ್ ತಿರುಗಿಸೋದಕ್ಕಾದರೂ ಜಾಗ ಬೇಕಲ್ವಾ?

ನೀರಿನ ಚಿಕ್ಕ ಟ್ಯಾಂಕರನ್ನೂ ಬಿಟ್ಟು ನೋಡಿದೆ. ಅದಕ್ಕೂ ಎರಡೇ ಚಕ್ರ. ಆದರೆ ಗಿಡ್ಡ ಇರೋದರಿಂದ ಕೈ ಆಡಿಸುವಷ್ಟರಲ್ಲಿ ಮಡಚಿಕೊಳ್ಳುತ್ತದೆ. ಕಲಿಯುವವರಿಗೆ ಉದ್ದದ ಟ್ರೇಲರೇ ಒಳ್ಳೆಯದು, ನಿಧಾನವಾಗಿ ತಿರುಗುತ್ತದೆ, ಯೋಚಿಸಲು ಸಮಯ ಸಿಗುತ್ತದೆ.

ಎರಡು ಚಕ್ರದ್ದರಲ್ಲೂ ಕೊರತೆ ಇದೆ. ಭಾರದ ಒಂದು ಪಾಲು ಟ್ರ್ಯಾಕ್ಟರಿನ ಹಿಂಭಾಗದ ಮೇಲೆ ಬೀಳುತ್ತದೆ. ಕೆಸರಲ್ಲಿ ಟೈರಿಗೆ ಹಿಡಿತ ಸಿಗಲು ಅದು ಒಳ್ಳೆಯದೇ. ಆದರೆ ಕಬ್ಬನ್ನು ಮುಂದಕ್ಕೇ ತುಂಬಿ ಏರು ಹತ್ತಿಸಿದರೆ ಟ್ರ್ಯಾಕ್ಟರಿನ ಮೂತಿ ಹಗುರಾಗುತ್ತದೆ, ಸ್ಟಿಯರಿಂಗ್ ಮಾತು ಕೇಳೋದಿಲ್ಲ. ಬಿಚ್ಚಿ ಇಡುವಾಗ ಕಂಬಿಗೆ ಆಸರೆ ಕೊಡಬೇಕು. ನಾಲ್ಕು ಚಕ್ರದ್ದು ತಾನಾಗಿಯೇ ನಿಲ್ಲುತ್ತದೆ.

ಟೈರ್ ಖರ್ಚು ಎರಡು ಚಕ್ರದ್ದಕ್ಕೆ ಅರ್ಧ. ನನ್ನ ಜೇಬಿಗೆ ಅದು ದೊಡ್ಡ ಮಾತೇ.

ನನ್ನ ಗದ್ದೆ ಚಿಕ್ಕದು, ಆಲೆಮನೆ ಹತ್ತಿರ. ದಿನಕ್ಕೆ ಹಲವು ಸಲ ಗೇಟಿನೊಳಗೆ ಹಿಂದಕ್ಕೆ ಬಿಡಬೇಕು. ಹಾಗಾಗಿ ಈ ಆಯ್ಕೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ದೂರದ ಸಕ್ಕರೆ ಕಾರ್ಖಾನೆಗೆ ಜಾಸ್ತಿ ಲೋಡು ಹೊಡೆಯುವವರು ನಾಲ್ಕು ಚಕ್ರದ್ದನ್ನೇ ತೆಗೆದುಕೊಳ್ಳಲಿ, ಅವರಿಗೆ ರಿವರ್ಸ್ ಕೆಲಸ ಕಡಿಮೆ. ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮೊದಲು ನಿಮ್ಮದೇ ಟ್ರ್ಯಾಕ್ಟರಿಗೆ ಸಿಕ್ಕಿಸಿ, ಖಾಲಿ ಇರುವಾಗ ಹಿಂದಕ್ಕೆ ಬಿಟ್ಟು ನೋಡಿ. ಪಿನ್ ಹಾಕುವ ತೂತು ಸವೆದಿದ್ದರೆ ಬೇಡವೇ ಬೇಡ ಅನ್ನಿ.